ಮಾನನಷ್ಟದ ನೋಟಿಸು: ಟೀಕೆಯ ಬರಹಕ್ಕೆ ಕಾನೂನಿನ ಬೆದರಿಕೆ ಬಂದ ಬಗೆ

ಅಧಿಕಾರದಲ್ಲಿರುವವರನ್ನೋ ಹಣ, ಹೆಸರು ಉಳ್ಳವರನ್ನೋ ಟೀಕಿಸಿ ಬರೆದವರಿಗೆ ಕಾನೂನಿನ ಹೆಸರಿನಲ್ಲಿ ಬೆದರಿಕೆ ಬರುವುದು ಕನ್ನಡ ನಾಡಿನಲ್ಲಿ ನೂರು ವರ್ಷಕ್ಕೂ ಹಳೆಯ ಸಂಗತಿ. ಕಾಲಕ್ಕೆ ತಕ್ಕಂತೆ ಬೆದರಿಕೆಯ ರೂಪ ಬದಲಾಗಿದೆ. ಸಂಸ್ಥಾನದ ಕಾಲದಲ್ಲಿ ಅದು ಪತ್ರಿಕೆಯ ಅನುಮತಿಯನ್ನೇ ಕಿತ್ತುಕೊಳ್ಳುವ ಶಾಸನವಾಗಿತ್ತು. ಆಮೇಲೆ ದಂಡ ಸಂಹಿತೆಯ ಕಲಮಾಯಿತು, ಒಮ್ಮೆ ವಿಧಾನಸಭೆಯ ಹಕ್ಕುಚ್ಯುತಿಯಾಯಿತು, ಈಚೆಗೆ ಬೆಂಗಳೂರಿನ ಸಿವಿಲ್ ಕೋರ್ಟುಗಳು ಕೊಡುವ ಏಕಪಕ್ಷೀಯ ತಡೆಯಾಜ್ಞೆಯಾಗಿದೆ. ಬರೆದವರು ಕೊಟ್ಟ ಉತ್ತರಗಳೂ ಹಾಗೆಯೇ ಬದಲಾಗುತ್ತ ಬಂದಿವೆ. ಆದರೆ ಉದ್ದಕ್ಕೂ ಒಂದು ಅಂಶ ಮಾತ್ರ ಬದಲಾಗಿಲ್ಲ: ಬೆದರಿಕೆಯ ಬಲ ಅಂತಿಮ ತೀರ್ಪಿನಲ್ಲಿ ಇರುವುದಕ್ಕಿಂತ ತೀರ್ಪಿನವರೆಗಿನ ಅಲೆದಾಟ, ಖರ್ಚು ಮತ್ತು ಕಾಲಹರಣದಲ್ಲಿ ಹೆಚ್ಚಾಗಿದೆ.

ಸಂಸ್ಥಾನದ ಪತ್ರಿಕಾ ಶಾಸನ

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದ ಮೇಲೆ ದಿವಾನರ ಆಡಳಿತವನ್ನು ಬಹಿರಂಗವಾಗಿ ವಿಮರ್ಶಿಸುವ ರೂಢಿ ಬೆಳೆಯಿತು. ಅದಕ್ಕೆ ದನಿಯಾದವರಲ್ಲಿ ಮುಖ್ಯರು ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು. ಜನ ಅವರನ್ನು ತಾತಯ್ಯ ಎಂದೇ ಕರೆಯುತ್ತಿದ್ದರು. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಮೈಸೂರು ಹೆರಾಲ್ಡ್’ ಮುಂತಾದ ಪತ್ರಿಕೆಗಳ ಮೂಲಕ ಅವರು ಸರ್ಕಾರದ ತಪ್ಪುಗಳನ್ನು ಎತ್ತಿ ಆಡುತ್ತಿದ್ದರು.

ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ವೃತ್ತಪತ್ರಿಕೆಗಳ ಶಾಸನ ಜಾರಿಗೆ ಬಂತು. ಇದರ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಯಾರೂ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ ಕೈಯಲ್ಲೇ ಇತ್ತು. ಟೀಕೆಗೆ ಗುರಿಯಾದವರೇ ಟೀಕೆಯ ನ್ಯಾಯಾಧೀಶರೂ ಆಗುವ ಏರ್ಪಾಡು ಅದು. ತಾತಯ್ಯನವರು ಅನುಮತಿಗೆ ಕೈಯೊಡ್ಡಲಿಲ್ಲ. ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಕೋರ್ಟಿನಲ್ಲಿ ಉತ್ತರಿಸುವ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಮೌನವೇ ಸಾರ್ವಜನಿಕ ಉತ್ತರವಾಯಿತು.

ಆಗಿನ ಬೆಂಗಳೂರಿನಲ್ಲಿ ಕಾನೂನು ಯಾವುದು ಎಂಬುದು ಕೆಲವೇ ಮೈಲಿಗಳ ಅಂತರದಲ್ಲಿ ಬದಲಾಗುತ್ತಿತ್ತು. ಅತ್ತಿಗುಪ್ಪೆ, ಹೊಸಹಳ್ಳಿಯಂಥ ಪಶ್ಚಿಮದ ಹಳ್ಳಿಗಳೂ ಪೇಟೆಯೂ ಮೈಸೂರು ಸರ್ಕಾರದ ಅಧೀನದಲ್ಲಿದ್ದರೆ, ಪೂರ್ವದ ದಂಡು ಪ್ರದೇಶದ ಆಡಳಿತ 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ಉತ್ತರದಲ್ಲಿ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತಕ್ಕೆ, ಕರಾವಳಿಯಲ್ಲಿ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ್ದವು. ಅಲ್ಲಿನ ಪತ್ರಿಕೆಗಳಿಗೆ 1910ರ ಭಾರತ ಪತ್ರಿಕಾ ಕಾಯಿದೆ ಅನ್ವಯಿಸುತ್ತಿತ್ತು. ಮುದ್ರಣಾಲಯದವರಿಂದ ಠೇವಣಿ ಕೇಳುವುದು, ಮುದ್ರಿಸಿದ್ದು ಸರಿಕಾಣದಿದ್ದರೆ ಠೇವಣಿಯನ್ನು ಮುಟ್ಟುಗೋಲು ಹಾಕುವುದು ಅದರ ಕ್ರಮ. 1922ರಲ್ಲಿ ಆ ಕಾಯಿದೆ ರದ್ದಾದರೂ ಠೇವಣಿಯ ಪದ್ಧತಿ 1931ರ ತುರ್ತು ಅಧಿಕಾರಗಳ ಕಾಯಿದೆಯ ಮೂಲಕ ಮರಳಿ ಬಂತು.

ಗಡಿಗಳ ಈ ಗೋಜಲನ್ನು ಬರೆಯುವವರೂ ಬಳಸಿಕೊಂಡರು. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಗಿ ಸಂಸ್ಥಾನದಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧ ಬಿಗಿಯಾದಾಗ, ಚಳವಳಿಯ ಸುದ್ದಿ ಗಡಿಯಾಚೆಯ ಹಿಂದೂಪುರದಲ್ಲಿ ಅಚ್ಚಾಗಿ ಒಳಗೆ ಬರುತ್ತಿತ್ತು. ಶಾಸನದ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬ ಪ್ರಶ್ನೆ ಮುಂದೆ ಬೇರೆ ರೂಪದಲ್ಲಿ, ಬರೆದವರಿಗೆ ಪ್ರತಿಕೂಲವಾಗಿ, ತಿರುಗಿ ಬರಲಿತ್ತು.

ದಂಡ ಸಂಹಿತೆಯ 499ನೇ ಕಲಂ

ಸ್ವಾತಂತ್ರ್ಯ ಬಂದು ಸಂವಿಧಾನದ 19ನೇ ವಿಧಿ ಮಾತಿನ ಹಕ್ಕನ್ನು ಕೊಟ್ಟ ಮೇಲೆ ಅನುಮತಿಯ ಶಾಸನಗಳಿಗೆ ನೆಲೆ ಉಳಿಯಲಿಲ್ಲ. ಆದರೆ ಅದೇ ವಿಧಿಯ ಎರಡನೇ ಖಂಡ ಮಾನಹಾನಿಯ ಕಾರಣಕ್ಕೆ ಮಾತಿನ ಮೇಲೆ ಸಮಂಜಸ ನಿರ್ಬಂಧ ಹೇರಬಹುದೆಂದು ಹೇಳಿತು. ಹೀಗಾಗಿ ಮೆಕಾಲೆಯ ಕಾನೂನು ಆಯೋಗ 1837ರಲ್ಲಿ ಕರಡು ಮಾಡಿ, 1860ರಲ್ಲಿ ಅಂಗೀಕಾರವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳು ಹಾಗೆಯೇ ಉಳಿದವು. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ.

499ನೇ ಕಲಮಿಗೆ ಹತ್ತು ವಿನಾಯಿತಿಗಳಿವೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ, ಸರ್ಕಾರಿ ನೌಕರರ ಅಧಿಕೃತ ನಡತೆಯ ಬಗ್ಗೆ ಸದ್ಭಾವನೆಯ ಅಭಿಪ್ರಾಯ, ಕೋರ್ಟಿನಲ್ಲಿ ತೀರ್ಮಾನವಾದ ಮೊಕದ್ದಮೆಯ ವಿಮರ್ಶೆ, ಜನರ ಮುಂದಿಟ್ಟ ಕೃತಿ ಅಥವಾ ಪ್ರದರ್ಶನದ ಗುಣದೋಷ ವಿಚಾರ ಇವೆಲ್ಲ ಅದರಲ್ಲಿ ಬರುತ್ತವೆ. ಓದಿದರೆ ಟೀಕೆಗೆ ವಿಶಾಲವಾದ ಜಾಗವಿದೆ ಎನಿಸುತ್ತದೆ. ತೊಡಕು ಇರುವುದು ಸಾಕ್ಷ್ಯದ ನಿಯಮದಲ್ಲಿ: ತನ್ನ ಬರಹ ವಿನಾಯಿತಿಯೊಳಗೆ ಬರುತ್ತದೆ ಎಂದು ತೋರಿಸುವ ಹೊಣೆ ಆರೋಪಿಯದು. ಅದಕ್ಕೆ ವಿಚಾರಣೆ ನಡೆಯಬೇಕು, ಅಂದರೆ ವರ್ಷಗಟ್ಟಲೆ ಕಟಕಟೆ ಹತ್ತಬೇಕು. ಬರಿಯ ನಿಜವೂ ಇಲ್ಲಿ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿಯೇ ಹೇಳಿದ ನಿಜವೆಂದು ತೋರಿಸಬೇಕು. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಾದರೆ ನಿಜವೊಂದೇ ಪೂರ್ಣ ರಕ್ಷಣೆ.

ಇಂಗ್ಲೆಂಡು ತನ್ನ ಕ್ರಿಮಿನಲ್ ಮಾನಹಾನಿ ಕಾನೂನನ್ನು 2009ರ ಕಾಯಿದೆಯ ಮೂಲಕ ತೆಗೆದುಹಾಕಿತು. ಶ್ರೀಲಂಕಾ ಅದಕ್ಕೂ ಮೊದಲೇ, 2002ರಲ್ಲಿ ಕೈಬಿಟ್ಟಿತ್ತು. ಭಾರತದಲ್ಲಿ ಸುಪ್ರೀಂ ಕೋರ್ಟು 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಈ ಕಲಮುಗಳನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿ ಮುಂದುವರಿದಿವೆ. ಶಿಕ್ಷೆಯ ಸಾಲಿಗೆ ಸಮುದಾಯ ಸೇವೆ ಹೊಸದಾಗಿ ಸೇರಿದೆ.

ವಾರಪತ್ರಿಕೆಗಳ ಕಾಲ

ಪ್ರತಿ ಪತ್ರಿಕೆಯಲ್ಲೂ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರು ಮತ್ತು ವಿಳಾಸವಿರುವ ಒಂದು ಸಣ್ಣ ಅಕ್ಷರದ ಸಾಲು ಅಚ್ಚಾಗಿರುತ್ತದೆ. 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯಿದೆ ಕಡ್ಡಾಯ ಮಾಡಿದ ಸಾಲು ಅದು. ಸಂಪಾದಕರೆಂದು ಯಾರ ಹೆಸರು ಅಲ್ಲಿದೆಯೋ ಆ ಸಂಚಿಕೆಯಲ್ಲಿ ಬಂದದ್ದಕ್ಕೆ ಅವರೇ ಜವಾಬ್ದಾರರು ಎಂದು ಕೋರ್ಟು ಮೊದಲಿಗೆ ಭಾವಿಸುತ್ತದೆ. ವರದಿ ಬರೆದವರು ಊರೂರಿನ ಬಾತ್ಮೀದಾರರಾದರೂ ನೋಟಿಸು ಬರುವುದು ಆ ಸಾಲಿನಲ್ಲಿರುವ ವಿಳಾಸಕ್ಕೆ.

1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಪಡೆಯದೆ ಓದುಗರ ಹಣದಿಂದಲೇ ನಡೆದ ವಾರಪತ್ರಿಕೆ. ಮಂತ್ರಿಗಳು, ಶಾಸಕರು, ಮಠಗಳು, ಅಧಿಕಾರಿಗಳು ಯಾರನ್ನೂ ಬಿಡದ ಅದರ ಧಾಟಿಯನ್ನು ಆಮೇಲಿನ ಹಲವು ಕನ್ನಡ ವಾರಪತ್ರಿಕೆಗಳು ಹಿಡಿದವು. 1995ರಲ್ಲಿ ರವಿ ಬೆಳಗೆರೆ ‘ಹಾಯ್ ಬೆಂಗಳೂರ್’ ತಂದರು. ಜಾಹೀರಾತು ತಡೆಹಿಡಿದು ಈ ಬಗೆಯ ಪತ್ರಿಕೆಯನ್ನು ಮಣಿಸಲು ಆಗುತ್ತಿರಲಿಲ್ಲ. ಉಳಿದ ದಾರಿ ಮಾನನಷ್ಟ ಮೊಕದ್ದಮೆ. ಪತ್ರಿಕೆ ರಾಜ್ಯದ ಎಲ್ಲ ಕಡೆ ಓದಿಸಿಕೊಳ್ಳುವುದರಿಂದ ದೂರುದಾರರು ತಮ್ಮ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಖಾಸಗಿ ದೂರು ಕೊಡಬಹುದು. ಬೆಂಗಳೂರಿನ ಸಂಪಾದಕರು ದೂರದ ಜಿಲ್ಲೆಗಳಿಗೆ ಹೋಗಿ ವಕೀಲರನ್ನು ಹಿಡಿದು, ಜಾಮೀನು ಕೊಟ್ಟು, ವಾಯಿದೆಗಳನ್ನು ಎಣಿಸಬೇಕಾಯಿತು. ಖುದ್ದು ಹಾಜರಾತಿಗೆ ವಿನಾಯಿತಿ ಕೋರುವ ಅರ್ಜಿ ಸಂಪಾದಕರ ನಿತ್ಯದ ಕಾಗದಪತ್ರಗಳಲ್ಲಿ ಒಂದಾಯಿತು.

ದೂರದ ಕೋರ್ಟಿಗೆ ಎಳೆಯುವ ಈ ಸೌಲಭ್ಯ ಭಾಷಣಕ್ಕೂ ಅನ್ವಯಿಸುತ್ತದೆ. 2019ರ ಏಪ್ರಿಲಿನಲ್ಲಿ ಕೋಲಾರದ ಚುನಾವಣಾ ಸಭೆಯಲ್ಲಿ ಆಡಿದ ಮಾತಿಗೆ ರಾಹುಲ್ ಗಾಂಧಿ ಶಿಕ್ಷೆಗೊಳಗಾದದ್ದು 2023ರ ಮಾರ್ಚಿನಲ್ಲಿ, ಗುಜರಾತಿನ ಸೂರತ್ ಕೋರ್ಟಿನಲ್ಲಿ. ಆ ಶಿಕ್ಷೆಗೆ ಸುಪ್ರೀಂ ಕೋರ್ಟು ಅದೇ ವರ್ಷದ ಆಗಸ್ಟಿನಲ್ಲಿ ತಡೆ ಕೊಟ್ಟಿತು.

ನೋಟಿಸಿನ ರೂಪ, ಉತ್ತರದ ರೂಪ

ಮಾನನಷ್ಟದ ದಾವೆ ಹೂಡುವ ಮೊದಲು ನೋಟಿಸು ಕೊಡಲೇಬೇಕೆಂದು ಕಾನೂನಿನಲ್ಲಿಲ್ಲ. ಆದರೂ ರೂಢಿ ಗಟ್ಟಿಯಾಗಿದೆ. ಅಂಚೆಯಲ್ಲಿ, ಸ್ವೀಕೃತಿ ಚೀಟಿಯೊಂದಿಗೆ ವಕೀಲರ ಲೆಟರ್‌ಹೆಡ್ಡಿನ ಕಾಗದ ಬರುತ್ತದೆ. ಕಕ್ಷಿದಾರರ ಪರವಾಗಿ ಬರೆಯುತ್ತಿದ್ದೇನೆ ಎಂಬ ಪೀಠಿಕೆ, ಕಕ್ಷಿದಾರರ ಸಮಾಜಸೇವೆಯ ವಿವರ, ಆಕ್ಷೇಪಿಸಿದ ಸಾಲುಗಳು, ಆಮೇಲೆ ಬೇಡಿಕೆಗಳು: ಬೇಷರತ್ ಕ್ಷಮಾಪಣೆ, ಬರಹ ಹಿಂತೆಗೆತ, ಇಂತಿಷ್ಟು ಮೊತ್ತದ ಪರಿಹಾರ, ಎಲ್ಲವೂ ಏಳು ಅಥವಾ ಹದಿನೈದು ದಿನದೊಳಗೆ. ತಪ್ಪಿದರೆ ಸಿವಿಲ್ ಮತ್ತು ಕ್ರಿಮಿನಲ್ ಎರಡೂ ಬಗೆಯ ಕ್ರಮ, ಅದರ ಖರ್ಚುವೆಚ್ಚಕ್ಕೆ ತಾವೇ ಹೊಣೆ ಎಂಬ ಎಚ್ಚರಿಕೆ.

ನೋಟಿಸಿನಲ್ಲಿ ಕೋಟಿಗಟ್ಟಲೆ ಮೊತ್ತ ಬರೆಯಲು ಖರ್ಚಿಲ್ಲ. ಅದೇ ಮೊತ್ತಕ್ಕೆ ದಾವೆ ಹೂಡಿದರೆ 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯಿದೆಯಂತೆ ಕೇಳಿದ ಪರಿಹಾರದ ಮೇಲೆ ಶುಲ್ಕ ಕಟ್ಟಬೇಕು. ಬರಹ ಪ್ರಕಟವಾದ ಒಂದು ವರ್ಷದೊಳಗೆ ದಾವೆ ದಾಖಲಾಗಬೇಕು ಎಂಬ ಕಾಲಮಿತಿಯೂ ಇದೆ. ಆದ್ದರಿಂದ ನೋಟಿಸಿನಲ್ಲಿ ಕಂಡ ಮೊತ್ತ ಎಷ್ಟೋ ಸಲ ಕೋರ್ಟಿನವರೆಗೆ ಬರುವುದಿಲ್ಲ. ಕ್ರಿಮಿನಲ್ ದೂರಿಗಾದರೆ ಇಂಥ ಶುಲ್ಕದ ಹೊರೆ ಇಲ್ಲ, ಮೂರು ವರ್ಷದ ಅವಕಾಶವಿದೆ.

ಉತ್ತರ ಕೊಡುವುದರಲ್ಲೂ ಪತ್ರಿಕಾಲಯಗಳಲ್ಲಿ ಒಂದು ಪದ್ಧತಿ ಬೆಳೆಯಿತು. ಮೊದಲು ಬರಹಕ್ಕೆ ಆಧಾರವಾದ ದಾಖಲೆಗಳನ್ನು, ಟಿಪ್ಪಣಿಗಳನ್ನು ಒಟ್ಟುಮಾಡಿ ಎತ್ತಿಡುವುದು. ಆಮೇಲೆ ಆಕ್ಷೇಪಿಸಿದ ಒಂದೊಂದು ವಾಕ್ಯವನ್ನೂ ಅದು ಸಂಗತಿಯೋ ಅಭಿಪ್ರಾಯವೋ ಎಂದು ವಿಂಗಡಿಸುವುದು. ಸಂಗತಿಗೆ ಪುರಾವೆ ಬೇಕು, ಅಭಿಪ್ರಾಯಕ್ಕೆ ಅದು ನಿಂತಿರುವ ಸಂಗತಿ ನಿಜವಾಗಿದ್ದು ಮಾತು ಸದ್ಭಾವನೆಯಿಂದ ಬಂದಿದ್ದರೆ ಸಾಕು. ನೋಟಿಸಿನ ಪ್ಯಾರಾ ಪ್ಯಾರಾಕ್ಕೂ ವಕೀಲರ ಮೂಲಕ ಉತ್ತರ ಹೋಗುತ್ತದೆ. ಉತ್ತರಿಸದ ಆರೋಪವನ್ನು ಒಪ್ಪಿಕೊಂಡಂತೆ ಎಂದು ಮುಂದೆ ವಾದಿಸಲು ಎಡೆ ಕೊಡಬಾರದೆಂಬುದು ಇದರ ಹಿಂದಿನ ಎಚ್ಚರ. ಎಲ್ಲಿ ನಿಜಕ್ಕೂ ತಪ್ಪಿದೆಯೋ ಅಲ್ಲಿ ತಡಮಾಡದೆ ಸ್ಪಷ್ಟೀಕರಣ ಪ್ರಕಟಿಸುವುದು ಪದ್ಧತಿಯ ಕೊನೆಯ ಭಾಗ. ಅದು ಅಪರಾಧವನ್ನು ಅಳಿಸದಿದ್ದರೂ ದ್ವೇಷವಿಲ್ಲದ ಬರಹವೆಂದು ತೋರಿಸಲು ನೆರವಾಗುತ್ತದೆ.

ಹುಬ್ಬಳ್ಳಿಯ ತೀರ್ಪು

ನೋಟಿಸಿನ ಹಂತ ದಾಟಿ ಮೊಕದ್ದಮೆ ಕೊನೆಯವರೆಗೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಗೌರಿ ಲಂಕೇಶ್ ಪ್ರಕರಣ ಉದಾಹರಣೆ. ತಂದೆ ಪಿ. ಲಂಕೇಶರ ನಿಧನಾನಂತರ ಪತ್ರಿಕೆ ನಡೆಸಿ, 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ ಆರಂಭಿಸಿದ್ದ ಅವರು 2008ರ ಜನವರಿಯಲ್ಲಿ ಧಾರವಾಡ ಜಿಲ್ಲೆಯ ಬಿಜೆಪಿ ಮುಖಂಡರ ಬಗ್ಗೆ ವರದಿ ಪ್ರಕಟಿಸಿದ್ದರು. ಪ್ರಲ್ಹಾದ ಜೋಶಿ ಮತ್ತು ಉಮೇಶ ದುಶಿ ಹುಬ್ಬಳ್ಳಿಯಲ್ಲಿ ದೂರು ಕೊಟ್ಟರು. ದೂರು ರದ್ದುಪಡಿಸುವಂತೆ ಕೋರಿ ಹೈಕೋರ್ಟಿಗೆ ಹೋದದ್ದು ಫಲಿಸಲಿಲ್ಲ. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಜೆಎಂಎಫ್‌ಸಿ ನ್ಯಾಯಾಲಯ ಅವರಿಗೆ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿತು. ಮೇಲ್ಮನವಿಗೆಂದು ಅದೇ ದಿನ ಜಾಮೀನು ಸಿಕ್ಕಿತು. ವರದಿಗೂ ತೀರ್ಪಿಗೂ ನಡುವೆ ಎಂಟು ವರ್ಷಕ್ಕೂ ಹೆಚ್ಚು ಅಂತರ. ಮುಂದಿನ ವರ್ಷ ಸೆಪ್ಟೆಂಬರ್ 5ರಂದು ಗೌರಿ ತಮ್ಮ ಮನೆಯ ಮುಂದೆ ಹಂತಕರ ಗುಂಡಿಗೆ ಬಲಿಯಾದರು.

ಪತ್ರಕರ್ತರು ಈ ಪ್ರಕರಣದಿಂದ ಕಲಿತ ಪಾಠ ಪುರಾವೆಗೆ ಸಂಬಂಧಿಸಿದ್ದು. ಹೆಸರು ಹೇಳಲಾಗದ ಮೂಲದಿಂದ ಬಂದ ಮಾಹಿತಿ ನಿಜವೇ ಆಗಿದ್ದರೂ, ಅದನ್ನು ಹೇಳಿದವರು ಸಾಕ್ಷಿಗೆ ಬರದಿದ್ದರೆ ಮತ್ತು ಕಾಗದ ಕೈಯಲ್ಲಿ ಇಲ್ಲದಿದ್ದರೆ, ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ.

ಸದನವೇ ಕೊಟ್ಟ ಶಿಕ್ಷೆ

ಕೋರ್ಟನ್ನು ಬಿಟ್ಟು ಇನ್ನೊಂದು ದಾರಿ ಸಂವಿಧಾನದ 194(3)ನೇ ವಿಧಿ ಶಾಸನಸಭೆಗಳಿಗೆ ಕೊಡುವ ಹಕ್ಕುಬಾಧ್ಯತೆ. 1987ರಲ್ಲಿ ತಮಿಳುನಾಡು ವಿಧಾನಸಭೆ ‘ಆನಂದ ವಿಕಟನ್’ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರನ್ನು ಒಂದು ವ್ಯಂಗ್ಯಚಿತ್ರಕ್ಕಾಗಿ ಜೈಲಿಗೆ ಕಳಿಸಿ, ಪ್ರತಿಭಟನೆ ಜೋರಾದಾಗ ಬಿಡುಗಡೆ ಮಾಡಿತ್ತು. ಕರ್ನಾಟಕದಲ್ಲಿ 2017ರ ಜೂನ್ 21ರಂದು ಸ್ಪೀಕರ್ ಕೆ.ಬಿ. ಕೋಳಿವಾಡ ಅವರು ರವಿ ಬೆಳಗೆರೆ ಮತ್ತು ‘ಯಲಹಂಕ ವಾಯ್ಸ್’ ಸಂಪಾದಕ ಅನಿಲ್ ರಾಜು ಅವರಿಗೆ ತಲಾ ಒಂದು ವರ್ಷದ ಜೈಲು, ₹10,000 ದಂಡ ಘೋಷಿಸಿದರು. ಶಾಸಕರ ಬಗ್ಗೆ ಪ್ರಕಟವಾದ ಬರಹಗಳು ಹಕ್ಕುಚ್ಯುತಿ ಎಂಬುದು ಸದನದ ಹಕ್ಕುಬಾಧ್ಯತಾ ಸಮಿತಿಯ ತೀರ್ಮಾನವಾಗಿತ್ತು. ದೂರಿದವರಲ್ಲಿ ಕೋಳಿವಾಡರೂ ಒಬ್ಬರು. ಟೀಕೆಗೊಳಗಾದವರ ಕೈಯಲ್ಲೇ ತೀರ್ಮಾನವೂ ಇರುವ 1908ರ ದೋಷ ಇಲ್ಲಿ ಮತ್ತೆ ಕಂಡಿತು. ಸಂಪಾದಕರು ಹೈಕೋರ್ಟಿನ ಮೊರೆ ಹೋದರು. ಹಕ್ಕುಬಾಧ್ಯತೆಗಳನ್ನು ಕ್ರೋಡೀಕರಿಸಿ ಕಾನೂನು ಮಾಡಬೇಕೆಂಬ ಹಳೆಯ ಬೇಡಿಕೆ ಮತ್ತೆ ಎದ್ದಿತು.

ಏಕಪಕ್ಷೀಯ ತಡೆಯಾಜ್ಞೆಗಳು

ಈಚಿನ ವರ್ಷಗಳಲ್ಲಿ ಬೆದರಿಕೆಯ ಮುಖ್ಯ ವೇದಿಕೆ 1979ರ ಅಧಿನಿಯಮದಂತೆ ಸ್ಥಾಪನೆಯಾದ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು. ಬರೆದದ್ದಕ್ಕೆ ಶಿಕ್ಷೆ ಕೇಳುವ ಬದಲು, ಬರೆಯದಂತೆ ಮೊದಲೇ ತಡೆಯುವುದು ಅಲ್ಲಿ ಹೂಡುವ ದಾವೆಗಳ ಗುರಿ. ಪರಿಹಾರದ ದೊಡ್ಡ ಮೊತ್ತ ಕೇಳದೆ ಪ್ರತಿಬಂಧಕಾಜ್ಞೆಯನ್ನಷ್ಟೇ ಕೇಳಿದರೆ ಕೋರ್ಟ್ ಶುಲ್ಕವೂ ಕಡಿಮೆ.

2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇದರ ಪರಿಣಾಮ ಮತದಾರರಿಗೇ ತಟ್ಟಿತು. ಅತ್ತಿಗುಪ್ಪೆ, ವಿಜಯನಗರಗಳೂ ಸೇರಿದ ಬೆಂಗಳೂರು ದಕ್ಷಿಣ ಕ್ಷೇತ್ರದ ಬಿಜೆಪಿ ಅಭ್ಯರ್ಥಿ ತೇಜಸ್ವಿ ಸೂರ್ಯ ಮಾರ್ಚಿನ ಕೊನೆಯಲ್ಲಿ 49 ಮಾಧ್ಯಮ ಸಂಸ್ಥೆಗಳು ತಮ್ಮ ವಿರುದ್ಧ ಮಾನಹಾನಿಕರವಾದದ್ದನ್ನು ಪ್ರಕಟಿಸದಂತೆ ಆದೇಶ ಪಡೆದರು. ಮತದಾನಕ್ಕೆ ಮೊದಲೇ, ಏಪ್ರಿಲಿನಲ್ಲಿ, ಹೈಕೋರ್ಟು ಅದನ್ನು ತೆಗೆದುಹಾಕಿತು. 2021ರ ಮಾರ್ಚಿನಲ್ಲಿ, ಸಚಿವ ರಮೇಶ ಜಾರಕಿಹೊಳಿ ಸಿ.ಡಿ. ವಿವಾದದಿಂದ ರಾಜೀನಾಮೆ ಕೊಟ್ಟ ಕೆಲವೇ ದಿನಗಳಲ್ಲಿ, ಆರು ಮಂದಿ ಸಚಿವರು 68 ಮಾಧ್ಯಮ ಸಂಸ್ಥೆಗಳ ವಿರುದ್ಧ ಅಂಥದೇ ಆದೇಶ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳದ ಆರೋಪಗಳ ಸುದ್ದಿಗೆ ಸಂಬಂಧಿಸಿ ಧರ್ಮಾಧಿಕಾರಿಗಳ ಕುಟುಂಬದವರು ಹೂಡಿದ ದಾವೆಯಲ್ಲಿ ಪ್ರತಿವಾದಿಗಳು 338, ತೆಗೆಯಬೇಕೆಂದು ಪಟ್ಟಿ ಮಾಡಿದ ಕೊಂಡಿಗಳು 8,842. ಹೆಸರು ಗೊತ್ತಿಲ್ಲದವರಿಗೂ ಅನ್ವಯಿಸುವ ‘ಜಾನ್ ಡೋ’ ಬಗೆಯ ಆದೇಶವದು.

ಕೊಂಡಿಗಳ ಪಟ್ಟಿ ಇಷ್ಟು ಉದ್ದವಾಗಲು ಒಂದು ಕಾನೂನಿನ ಕಾರಣವಿದೆ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯಿದೆಯ 66ಎ ಕಲಮನ್ನು ಹೊಡೆದುಹಾಕಿದ್ದಲ್ಲದೆ, ಯಾರೋ ಖಾಸಗಿಯಾಗಿ ದೂರಿದರೆಂದು ಜಾಲತಾಣದ ಸಂಸ್ಥೆಗಳು ಬರಹ ತೆಗೆಯಬೇಕಿಲ್ಲ, ಕೋರ್ಟಿನ ಅಥವಾ ಸರ್ಕಾರದ ಆದೇಶ ಬೇಕು ಎಂದು ಹೇಳಿತು. ಬರೆದವರಿಗೆ ರಕ್ಷಣೆಯಾಗಿ ಬಂದ ಈ ಮಾತು, ಬರಹ ತೆಗೆಸಬೇಕೆನ್ನುವವರನ್ನು ಸಿವಿಲ್ ಕೋರ್ಟಿನ ಬಾಗಿಲಿಗೆ ತಂದು ನಿಲ್ಲಿಸಿತು.

ಮೇಲಿನ ಕೋರ್ಟುಗಳ ನಿಲುವು ಮಾತ್ರ ಬಹುಕಾಲದಿಂದ ಬೇರೆಯೇ. 1891ರ ಇಂಗ್ಲೆಂಡಿನ ಬೊನಾರ್ಡ್ ಮತ್ತು ಪೆರಿಮನ್ ಪ್ರಕರಣದಿಂದ ಬಂದ ತತ್ವದಂತೆ, ಪ್ರತಿವಾದಿ ತನ್ನ ಮಾತು ನಿಜವೆಂದು ಸಾಧಿಸಲು ಸಿದ್ಧನಿದ್ದಾಗ ವಿಚಾರಣೆಗೆ ಮುನ್ನ ಅವನ ಬಾಯಿ ಕಟ್ಟುವುದು ತೀರ ಅಪರೂಪವಾಗಿರಬೇಕು. 1994ರ ರಾಜಗೋಪಾಲ್ ಪ್ರಕರಣದಲ್ಲಿ, ತಮಿಳು ಪತ್ರಿಕೆ ‘ನಕ್ಕೀರನ್’ ಪ್ರಕಟಿಸಲಿದ್ದ ಆಟೋ ಶಂಕರನ ಆತ್ಮಕಥೆಯನ್ನು ಅಧಿಕಾರಿಗಳು ಮೊದಲೇ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್ ವಿರುದ್ಧ ಜೀ ಸಂಸ್ಥೆ ಪಡೆದಿದ್ದ ತಡೆಯಾಜ್ಞೆಯನ್ನು ರದ್ದುಮಾಡುತ್ತ, ಹಣಬಲವುಳ್ಳವರು ಹೂಡುವ ಬಾಯಿಮುಚ್ಚಿಸುವ ದಾವೆಗಳ ಬಗ್ಗೆ ಕೆಳಗಿನ ಕೋರ್ಟುಗಳನ್ನು ಎಚ್ಚರಿಸಿತು. 2025ರ ಆಗಸ್ಟ್ 1ರಂದು ‘ಕುಡ್ಲ ರ‍್ಯಾಂಪೇಜ್’ ಯೂಟ್ಯೂಬ್ ಚಾನೆಲ್‌ನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಧರ್ಮಸ್ಥಳ ಪ್ರಕರಣದ ತಡೆಯಾಜ್ಞೆಯನ್ನು ರದ್ದುಪಡಿಸಿ, ವಿಷಯವನ್ನು ಹೊಸದಾಗಿ ಪರಿಶೀಲಿಸಲು ಸಿವಿಲ್ ಕೋರ್ಟಿಗೆ ಹಿಂದಿರುಗಿಸಿದರು.

ಇಂದಿನ ಉತ್ತರದ ದಾರಿಗಳು

ಬೆದರಿಕೆ ಪ್ರಕ್ರಿಯೆಯನ್ನು ನಂಬಿಕೊಂಡಿರುವುದರಿಂದ ಕೆಲಸಕ್ಕೆ ಬಂದ ಉತ್ತರಗಳೂ ಬಹುಪಾಲು ಪ್ರಕ್ರಿಯೆಗೆ ಸೇರಿದವು. ಮೊದಲನೆಯದು ಕೇವಿಯಟ್. 1976ರ ತಿದ್ದುಪಡಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿದ 148ಎ ಕಲಮಿನಂತೆ, ತನ್ನ ವಿರುದ್ಧ ದಾವೆ ಬರಬಹುದೆಂದು ನಿರೀಕ್ಷಿಸುವವರು ಮೊದಲೇ ಅರ್ಜಿ ಹಾಕಿಟ್ಟರೆ, ಅವರಿಗೆ ತಿಳಿಸದೆ ಕೋರ್ಟು ಮಧ್ಯಂತರ ಆದೇಶ ಕೊಡುವಂತಿಲ್ಲ. ಅದರ ಅವಧಿ 90 ದಿನ. ಮುಗಿದ ಮೇಲೆ ಮತ್ತೆ ಹಾಕಬೇಕು. ಕೇವಿಯಟ್ ಯಾವ ಕೋರ್ಟಿನಲ್ಲಿದೆಯೋ ಅಲ್ಲಿಗಷ್ಟೇ ಅದರ ಬಲ. ಎದುರಾಳಿ ಬೇರೆ ಊರನ್ನು ಆರಿಸಿಕೊಂಡರೆ ಅದು ಉಪಯೋಗಕ್ಕೆ ಬಾರದು.

ಎರಡನೆಯದು ತಡೆಯಾಜ್ಞೆ ಬಂದ ಕೂಡಲೇ ಅದೇ ಕೋರ್ಟಿನಲ್ಲಿ ತೆರವಿಗೆ ಅರ್ಜಿ ಹಾಕುವುದು. ಸಂಹಿತೆಯ 39ನೇ ಆದೇಶದ ನಿಯಮಗಳಂತೆ ಎದುರು ಪಕ್ಷಕ್ಕೆ ತಿಳಿಸದೆ ಆಜ್ಞೆ ಕೊಟ್ಟರೆ ಅದಕ್ಕೆ ಕಾರಣ ದಾಖಲಿಸಬೇಕು, ಆ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು. ಇವು ಪಾಲನೆಯಾಗಿಲ್ಲವೆಂದು ತೋರಿಸಿದಾಗ ಮೇಲಿನ ಕೋರ್ಟು ಮಧ್ಯೆ ಬರುವುದು ಸುಲಭವಾಗುತ್ತದೆ. ಬೆಂಗಳೂರಿನವರಿಗೆ ಈ ಮಟ್ಟಿಗೆ ದೂರದ ತೊಂದರೆ ಇಲ್ಲ: ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಸಿಟಿ ಸಿವಿಲ್ ಕೋರ್ಟಿಗೆ ಸೆಂಟ್ರಲ್ ಕಾಲೇಜು ಬಳಿಯ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ, ಹೈಕೋರ್ಟಿಗೆ ಅದರ ಮುಂದಿನ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬಹುದು. ಬೀದರಿನ ಸಣ್ಣ ಪತ್ರಿಕೆಯೊಂದರ ಸಂಪಾದಕರಿಗೆ ಬೆಂಗಳೂರಿನ ದಾವೆ ಎಂದರೆ ಪ್ರತಿ ವಾಯಿದೆಗೂ ರಾತ್ರಿಯಿಡೀ ಪ್ರಯಾಣ.

ಮೂರನೆಯದು ಕ್ರಿಮಿನಲ್ ದೂರಿನಲ್ಲಿ ಹೊಸದಾಗಿ ದೊರೆತ ಅವಕಾಶ. ಹಳೆಯ ಪದ್ಧತಿಯಲ್ಲಿ ದೂರುದಾರರ ಹೇಳಿಕೆ ಪಡೆದು ಮ್ಯಾಜಿಸ್ಟ್ರೇಟರು ಸಮನ್ಸ್ ಕಳಿಸುವವರೆಗೆ ಆರೋಪಿಯ ಮಾತಿಗೆ ಎಡೆಯೇ ಇರಲಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮುನ್ನ ಆರೋಪಿಯ ಅಹವಾಲನ್ನೂ ಕೇಳಬೇಕೆನ್ನುತ್ತದೆ. ಇದರ ಕ್ರಮವನ್ನು ಬಿಡಿಸಿ ಹೇಳಿದ ಆರಂಭದ ತೀರ್ಪುಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿನದೇ. ಸಚಿವ ಶಿವಾನಂದ ಪಾಟೀಲರು ಶಾಸಕ ಬಸನಗೌಡ ಪಾಟೀಲ ಯತ್ನಾಳರ ವಿರುದ್ಧ ಕೊಟ್ಟ ಮಾನಹಾನಿ ದೂರಿನಲ್ಲಿ, 2024ರ ಸೆಪ್ಟೆಂಬರ್ 27ರಂದು, ಮೊದಲು ದೂರುದಾರರ ಪ್ರಮಾಣ ಹೇಳಿಕೆ, ಆಮೇಲೆ ಅದರ ಪ್ರತಿಯೊಂದಿಗೆ ಆರೋಪಿಗೆ ನೋಟಿಸು, ಅವರ ಮಾತು ಕೇಳಿದ ಮೇಲೆ ಅಂಗೀಕಾರ ಎಂದು ಕೋರ್ಟು ವಿವರಿಸಿತು. ಬರಹ ವಿನಾಯಿತಿಯೊಳಗಿದೆ ಎಂದು ದಾಖಲೆ ಸಮೇತ ಹೇಳಲು ಆರೋಪಿಗೆ ಮೊದಲ ಮೆಟ್ಟಿಲಲ್ಲೇ ಸಿಗುವ ಅವಕಾಶವಿದು.

ನಾಲ್ಕನೆಯದು ದೂರು ರದ್ದತಿಗೆ ಹೈಕೋರ್ಟಿಗೆ ಹೋಗುವುದು. ಹಿಂದಿನ ಸಂಹಿತೆಯ 482ನೇ ಕಲಂ ಹೊಸದರಲ್ಲಿ 528 ಆಗಿದೆ. ಸಾಕ್ಷ್ಯದಿಂದಷ್ಟೇ ತೀರ್ಮಾನವಾಗಬೇಕಾದ ಪ್ರಶ್ನೆಗಳಿದ್ದರೆ ಹೈಕೋರ್ಟು ಸಾಮಾನ್ಯವಾಗಿ ವಿಚಾರಣೆಗೇ ಬಿಡುತ್ತದೆ.

ಈ ನಾಲ್ಕೂ ದಾರಿಗಳು ಮಾನಹಾನಿಯ ಮೂಲ ಕಲಮನ್ನು ಮುಟ್ಟಿಲ್ಲ. ಬಾಯಿಮುಚ್ಚಿಸುವ ದಾವೆಗಳನ್ನು ಆರಂಭದಲ್ಲೇ ವಜಾ ಮಾಡಿ ಖರ್ಚನ್ನು ದಾವೆ ಹೂಡಿದವರ ಮೇಲೆ ಹಾಕುವ ಪ್ರತ್ಯೇಕ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿದೆ, ಭಾರತದಲ್ಲಿಲ್ಲ. ಅಂಥ ಕಾನೂನು ಬರುವವರೆಗೆ ಟೀಕಿಸಿ ಬರೆಯುವವರ ರಕ್ಷಣೆ ಅಚ್ಚಿಗೆ ಹೋಗುವ ಮುನ್ನ ಸಂಗ್ರಹಿಸಿಟ್ಟ ಪುರಾವೆ, ಕಾಲಮಿತಿಯೊಳಗೆ ಕೊಟ್ಟ ಉತ್ತರ ಮತ್ತು ಮೊದಲ ವಾಯಿದೆಯಲ್ಲೇ ಎತ್ತಿದ ಆಕ್ಷೇಪಣೆಗಳನ್ನು ಅವಲಂಬಿಸಿದೆ.